ಏಳನೇ ಪಂಜರ

ಮಾರ್ಚ್ 3, ಸೋಮವಾರ

ಬಾಯಿಗೆ ಹೋದದ್ದನ್ನೆಲ್ಲ ಬರೆದಿಡಬೇಕಂತೆ. ಡ್ರೆಸ್ಸಿಂಗ್ ಮಾಡುವ ಸಿಸ್ಟರ್ ಇವತ್ತು ಈ ನೋಟ್‌ಬುಕ್ ಕೈಗಿಟ್ಟು, "ಯಾರಿಗೂ ತೋರಿಸ್ಬೇಡಿ, ನನಗೂ ಬೇಡ. ನಿಮಗೋಸ್ಕರ ಬರೀರಿ. ಬರೀತಾ ಬರೀತಾ ನಿಮಗೇ ಗೊತ್ತಾಗತ್ತೆ" ಎಂದಳು. ನನಗೆ ನಗು ಬಂತು. ಇಪ್ಪತ್ತೆರಡು ವರ್ಷದಿಂದ ಪ್ರಯೋಗಶಾಲೆಯ ಇಲಿಗಳ ಬಾಯಿಗೆ ಹೋದದ್ದನ್ನೆಲ್ಲ ಗ್ರಾಂ ಲೆಕ್ಕದಲ್ಲಿ ಬರೆಯುತ್ತಾ ಬಂದವಳು ನಾನು. ನನ್ನದನ್ನು ಬರೆಯುವುದು ಎಷ್ಟರ ಮಾತು.

ವಿಷಯ ಇಷ್ಟೇ. ಎಡಗಾಲಿನ ಹೆಬ್ಬೆರಳ ಬುಡದಲ್ಲಿ ಒಂದು ಹುಣ್ಣಾಗಿದೆ. ಒಂದು ತಿಂಗಳಾದರೂ ಮಾಯುವ ಲಕ್ಷಣವಿಲ್ಲ. ನೋವಂತೂ ಇಲ್ಲವೇ ಇಲ್ಲ ಎಂದು ನಾನು ಹೆಮ್ಮೆಯಿಂದ ಹೇಳಿದರೆ ಕಾಲಿನ ಡಾಕ್ಟರ ಮುಖ ಸಣ್ಣದಾಯಿತು. "ಅದೇ ಕೆಟ್ಟದ್ದು ನೋಡಿ. ಸಕ್ಕರೆ ಕಾಯಿಲೇಲಿ ಕಾಲಿನ ನರ ಸತ್ತಿರತ್ತೆ. ಆರು ವಾರ ಕೊಡ್ತೀನಿ. ಸಕ್ಕರೆ ಇಳಿಸಿದ್ರೆ ಮಾಯತ್ತೆ. ಇಲ್ದಿದ್ರೆ ಬೆರಳು ತೆಗೀಬೇಕು. ಬೆರಳಿಗೇ ನಿಲ್ಲತ್ತೆ ಅಂತ ನಾನು ಹೇಳಲ್ಲ."

ಮನೆಯಲ್ಲಿ ನಾನು ಮತ್ತು ನನ್ನ ತಮ್ಮ, ಇಬ್ಬರೇ. ಅವನು ದರ್ಜಿ. ಮುಂದಿನ ಕೋಣೆಯಲ್ಲೇ ಅವನ ಹೊಲಿಗೆ ಯಂತ್ರ. ಡಾಕ್ಟರ ಮಾತು ಕೇಳಿದವನೇ ಎದ್ದು ಬಿಸ್ಕತ್ತಿನ ಡಬ್ಬಿ, ಜಾಮಿನ ಬಾಟಲಿ ಎಲ್ಲ ಎತ್ತಿಕೊಂಡು ಹೋಗಿ ಪಕ್ಕದ ಮನೆಗೆ ಕೊಟ್ಟುಬಂದ. "ಅಕ್ಕ, ಪ್ಯಾಂಟಿನ ಕಾಲಾದ್ರೆ ಕತ್ತರಿಸಿ ಮತ್ತೆ ಹೊಲೀಬಹುದು. ನಿನ್ನ ಕಾಲು ಹೊಲಿಯೋಕೆ ನನಗೆ ಬರಲ್ಲ" ಎಂದ. ಅಳು, ನಗು ಎರಡೂ ಒಟ್ಟಿಗೇ ಬಂದವು.

ಇವತ್ತಿನದು: ಬೆಳಗ್ಗೆ ಎರಡು ತುಂಡು ಬ್ರೆಡ್ಡು, ಒಂದು ಬೇಯಿಸಿದ ಮೊಟ್ಟೆ. ಮಧ್ಯಾಹ್ನ ತರಕಾರಿ, ಒಂದು ಸೌಟು ಬೇಳೆ. ಸಂಜೆ ಸಕ್ಕರೆಯಿಲ್ಲದ ಟೀ. ಅದು ಟೀ ಅಲ್ಲ, ಔಷಧಿ. ರಾತ್ರಿ ಮತ್ತದೇ ತರಕಾರಿ. ಬರೆದಾಯಿತು.

ಮಾರ್ಚ್ 5, ಬುಧವಾರ

ಚಿಕ್ಕ ಡಾಕ್ಟರು ಹೊಸ ಪ್ರಯೋಗ ಶುರುಮಾಡಿದ್ದಾಳೆ. ಅವಳಿನ್ನೂ ಡಾಕ್ಟರೇಟಿಗೆ ಓದುತ್ತಿರುವವಳು. ನಮ್ಮ ಇಲಿಮನೆಗೆ ಮೊದಲ ಸಲ ಬಂದಾಗ ಇಲಿ ಕಂಡು ಸ್ಟೂಲು ಹತ್ತಿ ನಿಂತಿದ್ದಳು. ಅವತ್ತು ಅವಳನ್ನು ಕೆಳಗಿಳಿಸಲು ನಾನು ಇಟ್ಟ ಹೆಸರು ಇದು.

ಹನ್ನೆರಡು ಪಂಜರ, ಒಂದೊಂದರಲ್ಲಿ ಒಂದೊಂದು ಇಲಿ. ಮೊದಲ ನಾಲ್ಕಕ್ಕೆ ಬರೀ ಮಾಮೂಲಿ ಒಣ ಆಹಾರ. ಉಳಿದ ಎಂಟಕ್ಕೆ ಅದರ ಜೊತೆಗೆ ಒಂದೊಂದು ಬಟ್ಟಲು ಸಿಹಿ: ಕೇಕು, ಕ್ರೀಮ್ ಬಿಸ್ಕತ್ತು, ಚಾಕಲೇಟು, ಮೇಲೆ ಗಟ್ಟಿ ಸಿಹಿ ಹಾಲು. ಬೆಳಗ್ಗೆ ಬಟ್ಟಲು ತೂಗಿ ಬರೆದು ಒಳಗಿಡಬೇಕು. ಮರುದಿನ ಉಳಿದದ್ದನ್ನು ತೂಗಿ ಬರೆಯಬೇಕು. ಕಳೆದರೆ ಸಿಗುವುದು ಇಲಿ ತಿಂದದ್ದು. ಪೊಟ್ಟಣಗಳನ್ನು ಎಣಿಸಿಡುವುದು ಚಿಕ್ಕ ಡಾಕ್ಟರ ಕೆಲಸ, ತೂಕ ನನ್ನದು.

"ಮೆದುಳಲ್ಲಿ ಒಂದು ದಾರಿ ಇದೆ ಅಕ್ಕ" ಎಂದು ಅವಳು ಕಣ್ಣರಳಿಸಿ ವಿವರಿಸಿದಳು. "ಸಿಹಿ, ಕೊಬ್ಬು ಸಿಕ್ಕಾಗ ಅಲ್ಲಿ ಡೋಪಮೈನ್ ಅನ್ನೋ ರಾಸಾಯನಿಕ ಸುರಿಯತ್ತೆ. ಹೆಂಡ, ಮಾದಕವಸ್ತು ಎಲ್ಲಾ ಹಿಡಿಯೋದು ಅದೇ ದಾರೀನೇ. ದಿನಾ ಹಂಗೆ ಸುರೀತಾ ಇದ್ರೆ ಅದನ್ನ ಹಿಡ್ಕೊಳ್ಳೋ ಗ್ರಾಹಕಗಳು ಕಮ್ಮಿ ಆಗ್ತವಾ ಅಂತ ನೋಡ್ಬೇಕು. ಕಮ್ಮಿ ಆದ್ರೆ, ಅಷ್ಟೇ ಖುಷಿಗೆ ಇನ್ನೂ ಜಾಸ್ತಿ ತಿನ್ಬೇಕಾಗತ್ತೆ."

"ಮನುಷ್ಯರಿಗೂ ಹಿಂಗೇನಾ?"

"ಅದರ ಬಗ್ಗೆ ದೊಡ್ಡದೊಡ್ಡವರೇ ಇನ್ನೂ ಜಗಳ ಆಡ್ತಿದಾರೆ. ಅದಕ್ಕೇ ತೂಕ ಸರಿಯಾಗಿರ್ಬೇಕು. ನಿಮ್ಮನ್ನ ಬಿಟ್ರೆ ಇನ್ಯಾರನ್ನೂ ನಾನು ನಂಬಲ್ಲ."

ಚಾಕಲೇಟು ಕತ್ತರಿಸುವಾಗ ಬೆರಳಿಗೆ ಅಂಟಿದ್ದನ್ನು ನೆಕ್ಕಿದೆ. ಇದನ್ನೂ ಬರೆಯಬೇಕೇ? ಸಿಸ್ಟರ್ ಬಾಯಿಗೆ ಹೋದದ್ದು ಎಂದಳೇ ಹೊರತು ಬೆರಳಿಗೆ ಅಂಟಿದ್ದು ಎನ್ನಲಿಲ್ಲ. ಇರಲಿ, ಬರೆದಿದ್ದೇನೆ. ನನ್ನ ಹತ್ತಿರ ಕಳ್ಳಲೆಕ್ಕ ಇಲ್ಲ.

ಮಾರ್ಚ್ 11, ಮಂಗಳವಾರ

ಸಕ್ಕರೆ ಇಳಿದಿದೆ! ಸಿಸ್ಟರ್ ಭುಜ ತಟ್ಟಿದಳು. ಹುಣ್ಣಿನ ಅಂಚು ಕೂಡ ಕೆಂಪಗೆ, ಚೆನ್ನಾಗಿದೆಯಂತೆ. ತಮ್ಮ ಇಡೀ ಬೀದಿಗೆ ಸಾರಿಕೊಂಡು ಬಂದ.

ಏಳನೇ ಪಂಜರದವನಿಗೆ ಗುಂಡ ಎಂದು ಹೆಸರಿಟ್ಟಿದ್ದೇನೆ. ಬಟ್ಟಲು ಕಂಡರೆ ಸಾಕು, ಎರಡು ಕೈಯಲ್ಲೂ ಕಂಬಿ ಹಿಡಿದು ನಿಲ್ಲುತ್ತಾನೆ. ಮೂತಿಗೆಲ್ಲ ಕ್ರೀಮು ಮೆತ್ತಿಕೊಂಡು ನನ್ನನ್ನೇ ನೋಡುತ್ತಾನೆ, ಫಟಿಂಗ.

ಇವತ್ತು ಅವನ ಬಟ್ಟಲಿನಿಂದ ಕೇಕಿನ ಒಂದು ಮೂಲೆ ಮುರಿದುಕೊಂಡೆ. ಇಷ್ಟು ದಿನ ಬಾಯಿಗೆ ಬೀಗ ಹಾಕಿಕೊಂಡಿದ್ದಕ್ಕೆ, ಸಕ್ಕರೆ ಇಳಿದಿದ್ದಕ್ಕೆ. ತೂಕ ಆಗಲೇ ಬರೆದಾಗಿತ್ತು. ಎಲ್ಲ ಬಟ್ಟಲಿನಿಂದ ಚೂರು ಚೂರು ತೆಗೆದರೆ ಎಂಟೂ ಲೆಕ್ಕ ಕೆಡುತ್ತದೆ. ಒಂದರಲ್ಲೇ ತೆಗೆದರೆ ಉಳಿದ ಏಳು ಶುದ್ಧ. ಗುಂಡ ಹೇಗೂ ಹೊಟ್ಟೆಬಾಕ, ಅವನು ತಿಂದ ಎಂದರೆ ಯಾರೂ ಹುಬ್ಬೇರಿಸುವುದಿಲ್ಲ. ಆ ಹುಡುಗಿಯ ಕೆಲಸ ಕೆಡಬಾರದಲ್ಲ.

ಮೂರು ಊಟ, ಮಾಮೂಲಿ. ಕೇಕು: ಚೂರು.

ಮಾರ್ಚ್ 14, ಶುಕ್ರವಾರ

ಊಟ ಮಾಮೂಲಿ. ಗುಂಡ 70 ಗ್ರಾಂ ತಿಂದ.

ಮಾರ್ಚ್ 20, ಗುರುವಾರ

ಇವತ್ತು ದೀಪದ ಪರೀಕ್ಷೆ. ಇಲಿಯನ್ನು ಬೇರೊಂದು ಪೆಟ್ಟಿಗೆಗೆ ಬಿಡುತ್ತಾರೆ. ಅದರ ನೆಲವೆಲ್ಲ ಕಂಬಿ, ಮೂಲೆಯಲ್ಲಿ ಸಿಹಿಯ ಬಟ್ಟಲು. ಹಳದಿ ದೀಪ ಹತ್ತಿತೆಂದರೆ ಕಾಲಿಗೆ ಸಣ್ಣಗೆ ಕರೆಂಟು ಬರುತ್ತದೆ ಎಂದು ಇಲಿಗಳಿಗೆ ಮೊದಲೇ ಕಲಿಸಿಯಾಗಿದೆ. ಒಣ ಆಹಾರದ ನಾಲ್ಕು ಇಲಿಗಳು ದೀಪ ಕಂಡೊಡನೆ ಬಟ್ಟಲು ಬಿಟ್ಟು ಮುದುರಿ ಕುಳಿತವು. ಸಿಹಿ ತಿನ್ನುವವು ತಲೆಯೇ ಎತ್ತಲಿಲ್ಲ. ದೀಪ ಉರಿಯುತ್ತಿದೆ, ಅವು ತಿನ್ನುತ್ತಿವೆ.

"ನೋವಾಗತ್ತೆ ಅಂತ ಗೊತ್ತಿದೆ ಅಕ್ಕ ಅವಕ್ಕೆ" ಎಂದಳು ಚಿಕ್ಕ ಡಾಕ್ಟರು, ದನಿ ತಗ್ಗಿಸಿ. "ಬುದ್ಧಿ ಇಲ್ಲ ಅಂತಲ್ಲ. ಬ್ರೇಕ್ ಹಿಡೀತಿಲ್ಲ. ಇನ್ನೊಂದು ಏನು ಗೊತ್ತಾ? ರುಚಿ ಅನ್ಸೋದು ಬೇರೆ, ಬೇಕು ಅನ್ಸೋದು ಬೇರೆ. ಮೆದುಳಲ್ಲಿ ಎರಡೂ ಒಂದೇ ಅಲ್ಲ. ರುಚಿ ಹೋದ್ಮೇಲೂ ಬೇಕು ಅನ್ನೋದು ಬೆಳೀತಾನೇ ಇರತ್ತೆ."

ಥೂ, ಇಂಥ ಜನ್ಮಗಳನ್ನು ನೋಡಿಲ್ಲ ಎಂದೆ. ಕಾಲು ಸುಟ್ಟರೂ ಸರಿ, ಬಾಯಿ ಆಡುತ್ತಿರಬೇಕು. ನಾಚಿಕೆ ಎನ್ನುವುದು ಒಂದಿಷ್ಟಾದರೂ ಬೇಡವೇ?

ಎಂಟರಲ್ಲಿ ಒಬ್ಬನೇ ಒಬ್ಬ ದೀಪಕ್ಕೆ ಹೆದರಿ ಹಿಂದೆ ಸರಿದ. ನಮ್ಮ ಗುಂಡ. ಚಿಕ್ಕ ಡಾಕ್ಟರಿಗೆ ತಲೆಬುಡ ಅರ್ಥವಾಗಲಿಲ್ಲ. ಎಲ್ಲರಿಗಿಂತ ಹೆಚ್ಚು ತಿನ್ನುವವನಲ್ಲವೇ ಅವನು.

ಒಂದು ವಿಚಿತ್ರ. ಹನ್ನೆರಡು ಸಲ ಆ ದೀಪ ಹತ್ತುವುದನ್ನು ನೋಡಿದೆನಲ್ಲ, ಆಮೇಲಾಮೇಲೆ ದೀಪ ಹತ್ತಿದಾಗೆಲ್ಲ ನನ್ನ ಬಾಯಲ್ಲಿ ನೀರೂರುತ್ತಿತ್ತು. ಬೆಳಗ್ಗಿನಿಂದ ನಿಂತೇ ಇದ್ದೆ. ಸಂಜೆ ಚಪ್ಪಲಿ ಬಿಚ್ಚಿದರೆ ಬ್ಯಾಂಡೇಜು ಒದ್ದೆಯಾಗಿತ್ತು.

ಮಾರ್ಚ್ 21, ಶುಕ್ರವಾರ

ತಮ್ಮ ಅಡುಗೆಮನೆಯ ಕಪಾಟಿಗೆ ಬೀಗ ಹಾಕಿದ್ದಾನೆ. ನಾನೇನು ಇಲಿಯೇ? ಸರಿಯಾಗಿ ಬೈದೆ.

ಮಾರ್ಚ್ 27, ಗುರುವಾರ

ಸಕ್ಕರೆ ಏರಿದೆ. ಸಿಸ್ಟರ್ ಎರಡು ಸಲ ಪರೀಕ್ಷೆ ಮಾಡಿದಳು. "ಏನಾದ್ರೂ ತಿಂತಿದೀರಾ?" ಎಂದು ಕೇಳಿದಳು. ಮೈ ಉರಿದುಹೋಯಿತು. ಮೂರು ಹೊತ್ತೂ ಸಪ್ಪೆ ತರಕಾರಿ ತಿಂದು ನಾಲಿಗೆ ಸತ್ತಿದೆ, ನಿಮ್ಮ ಯಂತ್ರ ಕೆಟ್ಟಿರಬೇಕು ಎಂದೆ. ನನ್ನ ಕಣ್ಣಲ್ಲಿ ನೀರು ಕಂಡು ಅವಳೇ ಕ್ಷಮೆ ಕೇಳಿದಳು. ಪಾಪದ ಹುಡುಗಿ. ಹುಣ್ಣು ಸ್ವಲ್ಪ ಆಳಕ್ಕೆ ಇಳಿದಿದೆಯಂತೆ. ವಾಸನೆ ಬರುತ್ತಿದೆಯೇ ಎಂದಳು. ನನಗೇನೂ ಬರುವುದಿಲ್ಲ.

ಕೆಲಸದ ಬಿಳಿ ಕೋಟಿನ ಗುಂಡಿ ಹಾಕಲಾಗುತ್ತಿಲ್ಲ. ತಮ್ಮ ಪಕ್ಕದ ಹೊಲಿಗೆ ಬಿಚ್ಚಿಕೊಟ್ಟ. ಇದು ಎರಡನೇ ಸಲ. "ಅಕ್ಕ, ಇನ್ನು ಬಿಚ್ಚೋಕೆ ಒಳಗಡೆ ಬಟ್ಟೆ ಉಳಿದಿಲ್ಲ" ಎಂದವನು ಅಳತೆಪಟ್ಟಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ನಿಂತ. ಒಗೆದು ಒಗೆದು ಬಟ್ಟೆ ಕುಗ್ಗಿದೆ ಅಷ್ಟೇ.

ಬೆಳಗ್ಗೆ ಉಳಿದದ್ದನ್ನು ಎಸೆಯುವುದು ನನ್ನ ಮನಸ್ಸಿಗೆ ಒಗ್ಗುವುದಿಲ್ಲ. ಗುಂಡನ ಬಟ್ಟಲಲ್ಲಿ ಒಂದೆರಡು ಚೂರು ಹಾಗೇ ಇರುತ್ತದೆ, ಒಳ್ಳೆಯ ಕೇಕು. ಇಲಿ ಮುಟ್ಟಿದ ಕಡೆ ಚಾಕುವಿನಿಂದ ಕೆತ್ತಿದರಾಯಿತು. ಉಳಿಕೆಯ ತೂಕ: ಸೊನ್ನೆ. ಸೊನ್ನೆ ಬರೆಯುವುದರಲ್ಲಿ ಒಂದು ಸಮಾಧಾನವಿದೆ, ಎಲ್ಲ ಚೊಕ್ಕಟವಾಗಿ ಮುಗಿದಂತೆ.

ಆ ಒಂದು ಬಟ್ಟಲಿನ ನಂತರ ಸುಮ್ಮನೆ ಕೂರಲಾಗುವುದಿಲ್ಲ, ಅದೊಂದು ತಾಪತ್ರಯ. ಸಂಜೆ ತಿರುವಿನಲ್ಲಿರುವ ಬೇಕರಿಯವನು, "ಏನಮ್ಮಾ, ದಿನಾ ಒಂದು ಇಡೀ ಕೇಕು?" ಎಂದು ಕೇಳಿದ. "ಇಲಿಗಳಿಗೆ" ಎಂದೆ. ಅವನು ನಕ್ಕ, ನಾನೂ ನಕ್ಕೆ. ಮನೆಯ ಮೆಟ್ಟಿಲ ಕೆಳಗೆ ಹತ್ತು ನಿಮಿಷ ಕುಳಿತು ಬಂದೆ. ರುಚಿಯೇನೂ ಇರಲಿಲ್ಲ, ಹಳೆಯ ಮಾಲು.

ಊಟ ಮಾಮೂಲಿ.

ಏಪ್ರಿಲ್ 1, ಮಂಗಳವಾರ

ಚಿಕ್ಕ ಡಾಕ್ಟರು ನನ್ನನ್ನು ಕರೆದು ಕಂಪ್ಯೂಟರಿನಲ್ಲಿ ಇಲಿಗಳು ತಿಂದದ್ದರ ಗೆರೆಗಳನ್ನು ತೋರಿಸಿದಳು. ಏಳು ಗೆರೆಗಳು ಕೆಳಗೆ ಗುಂಪಾಗಿವೆ, ಒಂದೇ ಒಂದು ಮೇಲಕ್ಕೆ ಏರುತ್ತಲೇ ಹೋಗಿದೆ. "ಇದು ನಮ್ಮ ಏಳನೆಯದು. ನೋಡಿ, ಎಷ್ಟು ಕೊಟ್ರೂ ಪೂರಾ ಖಾಲಿ. ಇಂಥ ಹಸಿವು ನಾನು ಎಲ್ಲೂ ನೋಡಿಲ್ಲ. ನನಗೆ ಭಯ ಆಗತ್ತೆ ಅಕ್ಕ, ಈ ಗೆರೆ ಎಲ್ಲಿಗೆ ಹೋಗಿ ನಿಲ್ಲತ್ತೋ ಅಂತ."

ನಾನು ಗೆರೆಯನ್ನೇ ನೋಡಿದೆ. ಕುರ್ಚಿ ಎಳೆದುಕೊಂಡು ಕುಳಿತೆ. ಬೆಳಗ್ಗೆ ಸರಿಯಾಗಿ ತಿಂಡಿ ತಿಂದಿರಲಿಲ್ಲ, ಅದಕ್ಕೇ ಇರಬೇಕು.

"ಆದ್ರೆ ಮೈಯಲ್ಲಿ ಕೊಬ್ಬಿಲ್ಲ, ದೀಪಕ್ಕೂ ಹೆದರತ್ತೆ. ಯಾಕೆ ಅಂತ ಗೊತ್ತಾಗ್ಬೇಕಾದ್ರೆ ಮೆದುಳನ್ನೇ ನೋಡ್ಬೇಕು. ಗುರುವಾರ ಅದನ್ನ ತಗೋತೀನಿ" ಎಂದಳು.

ತಗೋತೀನಿ ಎಂದರೆ ಏನೆಂದು ಇಪ್ಪತ್ತೆರಡು ವರ್ಷದಿಂದ ನನಗೆ ಗೊತ್ತು. ಹೇಳಿಬಿಡೋಣವೇ ಎಂದು ಬಾಯಿ ತೆರೆದೆ. ಹೇಳಿದರೆ ನಾಳೆಯಿಂದ ಬಟ್ಟಲು ತೂಗುವ ಕೆಲಸ ಬೇರೆಯವರಿಗೆ. "ಹೂಂ, ನೋಡಮ್ಮ" ಎಂದೆ.

ಏಪ್ರಿಲ್ 3, ಗುರುವಾರ

ಗುಂಡನನ್ನು ನಾನೇ ಎತ್ತಿಕೊಟ್ಟೆ. ಬೆಚ್ಚಗಿದ್ದ. ನನ್ನ ತೋಳಿನೊಳಗೆ ನುಗ್ಗಲು ನೋಡಿದ. ಹಗುರವಾಗಿದ್ದ, ಬಡಪಾಯಿ.

ಏಪ್ರಿಲ್ 4, ಶುಕ್ರವಾರ

ಎಂಟನೇ ಪಂಜರದವನಿಗೆ ಇವತ್ತಿನಿಂದ ಹಸಿವು ಜಾಸ್ತಿಯಾಗಿದೆ. ಇಲಿ ಮುಟ್ಟಿದ್ದನ್ನು ಕೆತ್ತುತ್ತಾ ಕೂರಲು ಹೊತ್ತಿರಲಿಲ್ಲ.

ಏಪ್ರಿಲ್ 8, ಮಂಗಳವಾರ

ಬೆಳಗ್ಗೆ ಚಪ್ಪಲಿ ಹಾಕಿಕೊಳ್ಳುವಾಗ ತಮ್ಮ ಮೂಗು ಮುಚ್ಚಿಕೊಂಡ. ಆಮೇಲೆ ಕೆಳಗೆ ಕುಳಿತು ನನ್ನ ಕಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಬ್ಯಾಂಡೇಜು ಬಿಚ್ಚಿದ. ಹೆಬ್ಬೆರಳು, ಅದರ ಪಕ್ಕದ್ದು, ಎರಡೂ ಕಪ್ಪಗಾಗಿದ್ದವು. ಅವನು ಆಟೋ ಕರೆಯಲು ಚಪ್ಪಲಿಯಿಲ್ಲದೆಯೇ ಓಡಿದ.

ಕಾಲಿನ ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಆರು ವಾರ ಕಾಯೋ ಹಾಗಿಲ್ಲ ಈಗ. ಪಾದದ ಮುಂದಿನ ಅರ್ಧ ಹೋಗತ್ತೆ. ಶನಿವಾರ ಆಪರೇಷನ್. ಅಷ್ಟರೊಳಗೆ ಸೋಂಕು ಮೇಲಕ್ಕೆ ಏರದೆ ಇರ್ಲಿ." ಇವತ್ತೇ ಸೇರಿಕೊಳ್ಳಿ ಎಂದರು. ಕೆಲಸದಲ್ಲಿ ಒಪ್ಪಿಸುವುದಿದೆ ಎಂದು ಹಟ ಮಾಡಿ, ಶುಕ್ರವಾರ ಬೆಳಗ್ಗೆ ಸೇರುತ್ತೇನೆಂದು ಹೇಳಿ ಬಂದೆ.

ಏಪ್ರಿಲ್ 9, ಬುಧವಾರ

ಹೇಳಿಬಿಟ್ಟೆ.

ಇಲಿಮನೆಯ ಕೀಲಿ ಕೊಡಲು ಹೋಗಿದ್ದೆ. ಚಿಕ್ಕ ಡಾಕ್ಟರ ಮುಂದೆ ಗುಂಡನ ಫಲಿತಾಂಶ ಹರಡಿಕೊಂಡಿತ್ತು. "ಏನೂ ಆಗಿಲ್ಲ ಅಕ್ಕ ಅದರ ಮೆದುಳಿಗೆ. ಒಣ ಆಹಾರದ ಇಲಿ ಥರಾನೇ ಇದೆ, ಗ್ರಾಹಕಗಳೆಲ್ಲ ಸರಿಯಾಗಿವೆ. ಅಷ್ಟು ತಿಂದಿದ್ದು ಸುಳ್ಳಾ? ಬಟ್ಟಲಂತೂ ಖಾಲಿ ಆಗಿದೆಯಲ್ಲ. ಹಾಗಾದ್ರೆ ತಿಂದಿದ್ಯಾರು?" ಅವಳು ನನ್ನನ್ನು ಕೇಳಲಿಲ್ಲ, ಕಾಗದವನ್ನು ಕೇಳಿದಳು.

"ನಾನು" ಎಂದೆ.

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ನನ್ನ ಕೋಟು ನೋಡಿದಳು, ಕಾಲು ನೋಡಿದಳು. ನಾನು ಎಲ್ಲ ಹೇಳಿದೆ, ಕೇಕಿನ ಆ ಮೊದಲ ಮೂಲೆಯಿಂದ ಹಿಡಿದು ಬೇಕರಿಯವರೆಗೆ. ಬಟ್ಟಲಲ್ಲಿ ಉಳಿದದ್ದನ್ನೂ ಹೇಳಿದೆ. ಅವಳ ತಿಂಗಳ ಕೆಲಸ ಮಣ್ಣುಪಾಲು. ಬಾಯಿಗೆ ಬಂದಂತೆ ಬೈಯುತ್ತಾಳೆ ಎಂದು ತಲೆ ತಗ್ಗಿಸಿ ನಿಂತೆ. ಅವಳು ನನ್ನ ಕೈ ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತಳು. "ನಾನು ದಿನಾ ನಿಮ್ಮ ಮುಂದೇನೇ ನಿಂತು ಹೇಳ್ತಿದ್ನಲ್ಲ ಅಕ್ಕ. ನನಗ್ಯಾಕೆ ಕಾಣಲಿಲ್ಲ? ಇದು ನಿಮ್ಮ ಹಟದಿಂದ ಬಿಡೋಂಥದ್ದಲ್ಲ. ಡಾಕ್ಟರ ಹತ್ರ ಎಲ್ಲಾ ಹೇಳಿ. ಆಪರೇಷನ್ ಆದ್ಮೇಲೆ ಇದಕ್ಕೂ ಚಿಕಿತ್ಸೆ ಕೊಡಿಸೋಣ, ನಾನೇ ಕರ್ಕೊಂಡು ಹೋಗ್ತೀನಿ. ಹೇಳ್ತೀರಾ? ಮಾತು ಕೊಡಿ."

ಕೊಟ್ಟೆ. ಆ ಹುಡುಗಿಯ ತಲೆ ಮುಟ್ಟಿ ಕೊಟ್ಟೆ.

ಏಪ್ರಿಲ್ 11, ಶುಕ್ರವಾರ

ಆಸ್ಪತ್ರೆ. ಕಿಟಕಿ ಪಕ್ಕದ ಮಂಚ. ಎರಡು ದಿನದಿಂದ ಒಂದು ಚೂರು ಸಿಹಿ ಮುಟ್ಟಿಲ್ಲ. ಎಷ್ಟು ಹಗುರವಾಗಿದ್ದೇನೆಂದರೆ ಪೀಡೆ ತೊಲಗಿತು ಎಂದು ಕೂಗಬೇಕು ಎನ್ನಿಸುತ್ತದೆ. ಡಾಕ್ಟರಿಗೆ ಹೇಳುವುದಿದೆ, ಆದರೆ ಮುಗಿದುಹೋದದ್ದನ್ನು ಈಗ ಯಾಕೆ ಕೆದಕುವುದು? ಆಪರೇಷನ್ ಆಗಲಿ, ನಿಧಾನವಾಗಿ ಹೇಳೋಣ.

ಸಂಜೆ ಅರಿವಳಿಕೆ ಡಾಕ್ಟರು ಬಂದಿದ್ದರು. ಪೂರ್ತಿ ನಿದ್ದೆ ಬರಿಸುತ್ತಾರಂತೆ. "ರಾತ್ರಿ ಊಟ ಆದ್ಮೇಲೆ ಏನೂ ಇಲ್ಲ. ಬೆಳಗ್ಗೆ ಒಂದು ತುತ್ತೂ ಬಾಯಿಗೆ ಹಾಕೋ ಹಾಗಿಲ್ಲ. ನಿಮಗೆ ಸಕ್ಕರೆ ಕಾಯಿಲೆ ಬೇರೆ, ಹೊಟ್ಟೆ ನಿಧಾನಕ್ಕೆ ಖಾಲಿ ಆಗೋದು. ಹೊಟ್ಟೇಲಿದ್ದದ್ದು ಅರಿವಳಿಕೇಲಿ ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದ್ರೆ ಜೀವಕ್ಕೇ ಅಪಾಯ. ಅಪ್ಪಿತಪ್ಪಿ ತಿಂದ್ರೆ ಹೇಳ್ಬಿಡಿ, ಆಪರೇಷನ್ ಮುಂದಕ್ಕೆ ಹಾಕ್ತೀವಿ, ಯಾರೂ ಬೈಯಲ್ಲ." ತಮ್ಮ ಒಂದೊಂದು ಮಾತನ್ನೂ ಪರೀಕ್ಷೆಗೆ ಓದುವವನಂತೆ ತುಟಿ ಅಲ್ಲಾಡಿಸುತ್ತಾ ಕೇಳಿಸಿಕೊಂಡ. ನನ್ನನ್ನೇನು ಮಗು ಎಂದುಕೊಂಡಿದ್ದಾರೋ.

ಏಪ್ರಿಲ್ 12, ಶನಿವಾರ, ಬೆಳಗ್ಗೆ

ಹತ್ತಕ್ಕೆ ಒಳಗೆ ಕರೆದೊಯ್ಯುತ್ತಾರೆ. ತಮ್ಮ ಸಹಿ ಹಾಕಲು ಕೆಳಗೆ ಹೋಗಿದ್ದ. ಚಿಕ್ಕ ಡಾಕ್ಟರು ಫೋನು ಮಾಡಿ, "ಹೇಳಿದ್ರಾ ಅಕ್ಕ ಡಾಕ್ಟರ ಹತ್ರ?" ಎಂದಳು. ಹೇಳಿದೆ ಎಂದೆ. "ನೀವು ತುಂಬಾ ಧೈರ್ಯವಂತರು" ಎಂದಳು.

ಪಕ್ಕದ ಮಂಚದ ಅಜ್ಜಿಯನ್ನು ಎಕ್ಸ್-ರೇಗೆ ಕರೆದುಕೊಂಡು ಹೋದರು. "ನನ್ನ ಸಾಮಾನು ಸ್ವಲ್ಪ ನೋಡ್ಕೋಮ್ಮ" ಎಂದು ಅಜ್ಜಿ ಹೇಳಿ ಹೋದರು. ನೋಡಿಕೊಂಡೆ. ಚಿಕ್ಕ ಕಪಾಟಿನ ಮೇಲೆ ನೀರಿನ ಬಾಟಲಿ, ಬಾಚಣಿಗೆ, ಒಂದು ಕ್ರೀಮ್ ಬಿಸ್ಕತ್ತಿನ ಪೊಟ್ಟಣ. ಪೊಟ್ಟಣದ ಬಾಯಿ ಆಗಲೇ ಬಿಚ್ಚಿತ್ತು, ಅರ್ಧ ಹಾಗೇ ಇತ್ತು. ಬಿಟ್ಟರೆ ಗಾಳಿಗೆ ಮೆತ್ತಗಾಗುತ್ತಿದ್ದವು.

ನಾಲಿಗೆಯ ಮೇಲಿಟ್ಟರೆ ಕರಗಿಹೋಗುವಂಥವು. ಅದನ್ನು ತಿಂದದ್ದು ಎನ್ನಲಾಗುವುದಿಲ್ಲ. ಅಜ್ಜಿ ಬಂದ ಮೇಲೆ ಹೊಸ ಪೊಟ್ಟಣ ತರಿಸಿಕೊಟ್ಟರಾಯಿತು.

ತಮ್ಮ ಬಂದ. ನನ್ನ ತಲೆಗೂದಲು ಸರಿಮಾಡಿ ಆಸ್ಪತ್ರೆಯ ಹಸಿರು ಟೋಪಿ ಹಾಕಿದ. "ಹೊಲಿಗೆ ಸ್ವಲ್ಪ ವಾರೆ ಇದೆ ಅಕ್ಕ, ನಾನಾಗಿದ್ರೆ ಇನ್ನೂ ಚೆನ್ನಾಗಿ ಹೊಲೀತಿದ್ದೆ" ಎಂದು ನಗಲು ನೋಡಿದ, ಆಗಲಿಲ್ಲ. ವಾರ್ಡಿನ ಸಿಸ್ಟರ್ ಫಾರಂ ಹಿಡಿದುಕೊಂಡು ಬಂದು ಹೆಸರು, ವಯಸ್ಸು, ಯಾವ ಕಾಲು ಎಂದೆಲ್ಲ ಕೇಳಿದಳು. ಕೊನೆಗೆ, "ಬೆಳಗ್ಗಿಂದ ಏನಾದ್ರೂ ತಿಂದ್ರಾ?" ಎಂದಳು.

ತಮ್ಮ ನನಗಿಂತ ಮೊದಲೇ ತಲೆಯಾಡಿಸಿದ. "ಇಲ್ಲ ಸಿಸ್ಟರ್, ನೀರೂ ಮುಟ್ಟಿಲ್ಲ ನಮ್ಮಕ್ಕ" ಎಂದ.

ಅವಳು ನನ್ನ ಕಡೆ ನೋಡಿದಳು, ನನ್ನ ಬಾಯಿಂದಲೇ ಕೇಳಬೇಕಂತೆ. ಇಲ್ಲ ಎಂದೆ. ಅವಳು ಬರೆದುಕೊಂಡಳು. ಗಾಲಿಮಂಚ ಬಾಗಿಲಿಗೆ ಬಂದಿದೆ, ಪುಸ್ತಕ ಮುಚ್ಚಿ ಕೊಡು ಅಕ್ಕ ಎಂದು ತಮ್ಮ ಕೈ ಚಾಚಿ ನಿಂತಿದ್ದಾನೆ. ಹಾಗೇ ಜೋಪಾನವಾಗಿ ಇಟ್ಟುಕೋ, ತೆರೆಯಬೇಡ ಎಂದಿದ್ದೇನೆ. ತೆರೆಯುವುದಿಲ್ಲ, ನಾನು ಹೇಳಿದ್ದನ್ನು ಅವನು ಎಂದೂ ಮೀರಿದವನಲ್ಲ.